ಒಲೆಯನ್ನು ತಿದ್ದಿದ ರಮ್‌ಫರ್ಡ್ ಪ್ರಭುವಿನ ಚರಿತ್ರೆ

ಹೊಗೆ ತುಂಬಿದ ಅಡಿಗೆಮನೆಯಲ್ಲಿ ಕಣ್ಣೊರಸಿಕೊಳ್ಳುತ್ತಾ ಅನ್ನ ಬೇಯಿಸುವ ತಾಯಂದಿರನ್ನೂ, ಸೌದೆಗಾಗಿ ದೂರ ನಡೆಯುವ ಮಕ್ಕಳನ್ನೂ ನಾವೆಲ್ಲರೂ ಬಲ್ಲೆವು. ಆದರೆ ಉರಿಯುವ ಸೌದೆಯ ಬಿಸಿಯಲ್ಲಿ ಎಷ್ಟು ಪಾಲು ಪಾತ್ರೆಗೆ ತಗಲುವದು, ಎಷ್ಟು ಪಾಲು ಗಾಳಿಗೆ ಹೋಗುವದು ಎಂದು ವಿಚಾರಿಸುವವರು ಕೊಂಚವೇ. ಇದನ್ನೇ ತನ್ನ ಜೀವಮಾನದ ಕೆಲಸವನ್ನಾಗಿ ಮಾಡಿಕೊಂಡ ಒಬ್ಬನ ಚರಿತ್ರೆಯನ್ನು ಈ ಸಾರಿ ಪ್ರಿಯ ವಾಚಕರ ಮುಂದಿಡುತ್ತೇವೆ.

ಬೆಂಜಮಿನ್ ತಾಮ್ಸನ್ ಎಂಬವನು 1753ನೆಯ ಇಸವಿ ಮಾರ್ಚಿ 26ರಲ್ಲಿ ಅಮೇರಿಕದ ಮಾಸಚೂಸೆಟ್ಸ್ ಸೀಮೆಯ ವೂಬರ್ನ್ ಎಂಬ ಊರಲ್ಲಿ ಬೇಸಾಯಗಾರರ ಮನೆಯಲ್ಲಿ ಹುಟ್ಟಿದನು. ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡನು. ಅಂಗಡಿಯಲ್ಲಿ ಚಾಕರಿ ಮಾಡಿ, ಸಿಕ್ಕಿದ ಪುಸ್ತಕಗಳನ್ನು ಓದಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಂಕರ್ಡ್ ಎಂಬ ಊರಿನ ಉಪಾಧ್ಯಾಯನಾದನು. ಅಲ್ಲಿ ತನಗಿಂತ ಹಿರಿಯಳಾದ ಒಬ್ಬ ಧನಿಕ ವಿಧವೆಯನ್ನು ಮದುವೆಯಾದನು. ಅವರಿಗೆ ಒಬ್ಬ ಮಗಳು ಹುಟ್ಟಿದಳು. ಆಗ ಅಮೇರಿಕದವರು ಇಂಗ್ಲೆಂಡಿನ ಅರಸನಿಗೆ ವಿರೋಧವಾಗಿ ಏಳಲು, ಈತನು ಅರಸನ ಪಕ್ಷ ಹಿಡಿದು, ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು 1776ರಲ್ಲಿ ಲಂಡನಿಗೆ ಹೋದನು. ಆ ಹೆಂಡತಿಯ ಮುಖವನ್ನು ಆತನು ಮರಳಿ ನೋಡಲಿಲ್ಲ. ಆಕೆಯು 1792ರಲ್ಲಿ ತೀರಿಹೋದಳು.

ತರುವಾಯ ಆತನು ಜರ್ಮನ್ ದೇಶದ ಬವೇರಿಯಾ ಸಂಸ್ಥಾನಕ್ಕೆ ಹೋಗಿ ಅಲ್ಲಿಯ ಪ್ರಭುವಿನ ಸೇವೆಗೆ ಸೇರಿದನು. ರಾಜಧಾನಿಯಾದ ಮ್ಯೂನಿಕ್ ನಗರವು ಭಿಕ್ಷುಕರಿಂದ ತುಂಬಿತ್ತು. 1790ನೆಯ ಇಸವಿ ಜನವರಿ 1ರಲ್ಲಿ ಆತನು ಅವರನ್ನು ಬೀದಿಗಳಿಂದ ಕೂಡಿಸಿ, ಬೆಚ್ಚಗಿನ ಕೊಠಡಿಗಳನ್ನೂ ನೂಲುವ ಹಾಗೂ ಹೊಲಿಯುವ ಕೆಲಸವನ್ನೂ ಬಿಸಿಯೂಟವನ್ನೂ ಕೊಡುವ ಏರ್ಪಾಡು ಮಾಡಿದನು. ನೂರಾರು ಜನರಿಗೆ ದಿನಾಲೂ ಅಡಿಗೆಯಾಗಬೇಕಾದಾಗ ಸೌದೆಯ ಖರ್ಚು ಆತನ ಲಕ್ಷ್ಯಕ್ಕೆ ಬಂತು. ತೆರೆದ ಒಲೆಯಲ್ಲಿ ಜ್ವಾಲೆಯು ಪಾತ್ರೆಯನ್ನು ಸ್ವಲ್ಪವೇ ಮುಟ್ಟಿ ಹಾರಿಹೋಗುವದನ್ನು ಕಂಡು, ಬೆಂಕಿಯನ್ನು ಇಟ್ಟಿಗೆಯ ಗೂಡಿನೊಳಗೆ ಮುಚ್ಚಿದನು. ಕೆಳಗೆ ಗಾಳಿಗಾಗಿ ಕಬ್ಬಿಣದ ಜಾಲರಿಯನ್ನಿಟ್ಟು, ಪಾತ್ರೆಯನ್ನು ಕಟ್ಟಡದೊಳಗೆ ಇಳಿಸಿ, ಉರಿಯು ಅದರ ಸುತ್ತಲೂ ಸುಳಿದು ಆಮೇಲೆ ಹೊಗೆಗೂಡಿಗೆ ಹೋಗುವಂತೆ ಮಾಡಿದನು. ಗಾಳಿಯನ್ನು ಹೆಚ್ಚಿಸಿ ತಗ್ಗಿಸುವದಕ್ಕೆ ಸಣ್ಣ ಬಾಗಿಲನ್ನೂ ಇಟ್ಟನು.

ಈ ಸೇವೆಗಳಿಗಾಗಿ ಆತನಿಗೆ ಕೌಂಟ್ ಎಂಬ ಪದವಿಯು ದೊರೆತಾಗ, ಆತನು ಆರಿಸಿಕೊಂಡ ಹೆಸರು ರಮ್‌ಫರ್ಡ್. ಅದು ಬಿಟ್ಟುಬಂದ ಹೆಂಡತಿಯ ಊರಾದ ಕಾಂಕರ್ಡಿನ ಹಳೆಯ ಹೆಸರಾಗಿತ್ತು.

1795ರಲ್ಲಿ ಆತನು ಲಂಡನಿಗೆ ಬಂದನು. ಅಲ್ಲಿಯ ಮನೆಗಳಲ್ಲಿ ಚಳಿ ಕಾಯಲಿಕ್ಕೆ ಗೋಡೆಯೊಳಗೆ ದೊಡ್ಡ ಬೆಂಕಿಗೂಡುಗಳಿದ್ದವು. ಹೊಗೆಗೂಡಿನ ಬಾಯಿ ಬಹಳ ಅಗಲವಾದದ್ದರಿಂದ ಕೋಣೆಯ ಬಿಸಿಗಾಳಿಯೆಲ್ಲಾ ಮೇಲಕ್ಕೆ ಹೋಗಿ, ಅದಕ್ಕೆ ಬದಲಾಗಿ ಬಾಗಿಲ ಸಂದುಗಳಿಂದ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಮುಖ ಬೆಂದರೂ ಬೆನ್ನು ನಡುಗುತ್ತಿತ್ತು. ರಮ್‌ಫರ್ಡನು ಆ ಬಾಯಿಯನ್ನು ನಾಲ್ಕು ಅಂಗುಲಕ್ಕೆ ಕಿರಿದು ಮಾಡಿಸಿ, ಗೂಡಿನ ಆಳವನ್ನು ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿಸಿ ಸುಣ್ಣ ಹೊಡೆಸಿದನು. ಹೀಗೆ ಬಿಸಿಯು ಕೋಣೆಯ ಕಡೆಗೇ ತಿರುಗಿತು, ಹೊಗೆಯೂ ಸರಾಗವಾಗಿ ಏರಿತು. ಇದಕ್ಕೆ ಬೇಕಾದದ್ದು ಕೆಲವು ಇಟ್ಟಿಗೆಗಳು, ಸ್ವಲ್ಪ ಗಾರೆ, ಒಬ್ಬ ಮೇಸ್ತ್ರಿಯ ಕೆಲವು ತಾಸುಗಳ ಕೆಲಸ, ಇಷ್ಟೇ. ಆತನು ಇದಕ್ಕೆ ಹಕ್ಕುಪತ್ರವನ್ನು ತೆಗೆದುಕೊಳ್ಳದೆ, 1796ರಲ್ಲಿ ಎಲ್ಲವನ್ನೂ ಅಚ್ಚುಹಾಕಿಸಿ ಪ್ರಕಟಿಸಿದನು.

ತುಪ್ಪುಳ, ಉಣ್ಣೆಗಳು ಬೆಚ್ಚಗಿಡುವದು ಅವುಗಳೊಳಗೆ ಸಿಕ್ಕಿನಿಂತ ಗಾಳಿಯಿಂದಲೇ ಎಂಬದನ್ನೂ ಆತನು ಪರೀಕ್ಷಿಸಿ ತೋರಿಸಿದ್ದನು. ಚಳಿದೇಶಗಳಲ್ಲಿ ಎರಡು ಗಾಜುಗಳ ನಡುವೆ ಗಾಳಿಯನ್ನು ಹಿಡಿದಿಡುವ ಕಿಟಕಿಗಳು ಇಂದಿಗೂ ಇದೇ ನಿಯಮದಿಂದ ಮನೆಯನ್ನು ಕಾಯುತ್ತವೆ. 1798ರಲ್ಲಿ, ಫಿರಂಗಿಯನ್ನು ಕೊರೆಯುವಾಗ ಉಜ್ಜುವಿಕೆಯಿಂದಲೇ ನೀರು ಕುದಿಯುವದನ್ನು ತೋರಿಸಿ, ಶಾಖವು ಒಂದು ಬಗೆಯ ಚಲನೆಯೆಂದು ವಾದಿಸಿದನು. 1799ರಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸ್ಥಾಪನೆಗೆ ಕಾರಣನಾದನು.

ಆದರೆ ಪರರ ಮನೆಗಳನ್ನು ಬೆಚ್ಚಗೆ ಮಾಡಿದ ಈತನ ಸ್ವಂತ ಮನೆಯು ತಣ್ಣಗಾಗಿಯೇ ಉಳಿಯಿತು. ಮಗಳು ಬೆಳೆದು 1796ರಲ್ಲಿ ಆತನ ಬಳಿಗೆ ಬರುವ ತನಕ, ಇಪ್ಪತ್ತು ವರುಷಗಳ ಕಾಲ ತಂದೆಯನ್ನು ಕಾಣದಿದ್ದಳು. ಆಮೇಲೆ ಆತನು ಪ್ಯಾರಿಸಿನಲ್ಲಿ ಪ್ರಸಿದ್ಧ ಶಾಸ್ತ್ರಜ್ಞನಾದ ಲವಾಸಿಯೆಯ ವಿಧವೆಯನ್ನು ಮದುವೆಯಾದನು. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಆಕೆ ಕರೆದ ಅತಿಥಿಗಳು ಬಾರದಂತೆ ಆತನು ಹೊರಬಾಗಿಲಿಗೆ ಬೀಗ ಹಾಕಿಸಿದನು. ಆಕೆಯು ಆತನ ಪ್ರೀತಿಯ ಹೂಗಿಡಗಳಿಗೆ ಕುದಿಯುವ ನೀರು ಹೊಯ್ದಳು. 1809ರಲ್ಲಿ ಅವರು ಅಗಲಿದರು. 1814ನೆಯ ಇಸವಿ ಆಗಸ್ಟ್ 21ರಲ್ಲಿ ಪ್ಯಾರಿಸಿನ ಬಳಿಯ ಓತೆಯ್ ಎಂಬಲ್ಲಿ ಆತನು ತೀರಿಹೋದನು.

ನಮ್ಮ ಸೀಮೆಯಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಂಕಿಯನ್ನು ಮುಚ್ಚಿ, ಹೊಗೆಯನ್ನು ಕೊಳವೆಯಿಂದ ಹೊರಡಿಸುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗಾಗಿ ರೂಪಿಸಿದರು. ನಾವೂ ನಮ್ಮ ನಮ್ಮ ಒಲೆಗಳ ಮುಂದೆ ಸ್ವಲ್ಪ ಹೊತ್ತು ಕೂತು, ಉರಿಯು ಎಲ್ಲಿಗೆ ಹೋಗುತ್ತದೆಂದು ನೋಡೋಣ. ಹಾಗೆಯೇ, ಆ ಒಲೆಯ ಸುತ್ತ ಕೂಡುವವರ ಮೇಲೆ ನಮ್ಮ ಪ್ರೀತಿಯು ಆರಿಹೋಗದಂತೆಯೂ ನೋಡಿಕೊಳ್ಳೋಣ. ಈ ಎರಡನೆಯದನ್ನು ರಮ್‌ಫರ್ಡನು ಕಲಿಯದೆ ಹೋದನು.