ಚಕ್ರಕ್ಕೆ ಚಕ್ರ ತಾಗಿದರೂ ಜಾಗ ಬಿಟ್ಟರು, ಸಹ ಚಾಲಕನನ್ನು ನಂಬಿ ಸೋತರು: ಜಿಲ್ ವಿಲ್ನೆವ್ ಕತೆ

ಫಾರ್ಮುಲಾ ಒನ್‌ನಲ್ಲಿ ಅವರು ಗೆದ್ದದ್ದು ಆರೇ ರೇಸ್. ವಿಶ್ವ ಚಾಂಪಿಯನ್ ಪಟ್ಟ ಒಮ್ಮೆಯೂ ಸಿಗಲಿಲ್ಲ. ಆದರೂ ಓವರ್‌ಟೇಕಿಂಗ್ ಮಾತು ಬಂದಾಗಲೆಲ್ಲ ಕೆನಡಾದ ಜಿಲ್ ವಿಲ್ನೆವ್ ಹೆಸರು ಬಂದೇ ಬರುತ್ತದೆ. ಅದೂ ಎರಡನೇ ಸ್ಥಾನಕ್ಕಾಗಿ ನಡೆದ ಒಂದು ಕಾದಾಟದಿಂದ!

1950ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿದ ವಿಲ್ನೆವ್ ಮೊದಲು ಹೆಸರು ಮಾಡಿದ್ದು ಹಿಮದ ಮೇಲೆ ಓಡುವ ಸ್ನೋಮೊಬೈಲ್ ರೇಸ್‌ಗಳಲ್ಲಿ. ಜಾರುವ ಗಾಡಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನು ಕಲಿತದ್ದು ಅಲ್ಲೇ. 1977ರಲ್ಲಿ ಫೆರಾರಿ ಅವರನ್ನು ಕರೆದುಕೊಂಡಿತು. ಆರಂಭ ಚೆನ್ನಾಗಿರಲಿಲ್ಲ. ಅದೇ ವರ್ಷ ಜಪಾನಿನ ಫ್ಯೂಜಿಯಲ್ಲಿ ಅವರ ಕಾರು ರಾನಿ ಪೀಟರ್ಸನ್ ಕಾರಿನ ಹಿಂಬದಿಗೆ ಬಡಿದು ಗಾಳಿಯಲ್ಲಿ ಹಾರಿತು. ನಿಷೇಧಿತ ಜಾಗದಲ್ಲಿ ನಿಂತಿದ್ದ ಇಬ್ಬರು ಸತ್ತರು. ವಿಲ್ನೆವ್ ಅವರನ್ನು ಬರೀ ಹೊಗಳುವವರು ಇದನ್ನು ಮರೆಯಬಾರದು.

ಇನ್ನು ಆ ಕಾದಾಟದ ವಿಷಯ. 1979ರ ಜುಲೈ 1, ಫ್ರಾನ್ಸ್‌ನ ಡಿಜಾನ್. ರೆನೆ ಆರ್ನೂ ಬಳಿ ರೆನೋದ ಟರ್ಬೊ ಎಂಜಿನ್ ಇತ್ತು, ನೇರ ರಸ್ತೆಯಲ್ಲಿ ಅದರದ್ದೇ ಮೇಲುಗೈ. ವಿಲ್ನೆವ್ ಕಾರಿನ ಟೈರುಗಳು ಸವೆದಿದ್ದವು. ಅವರಿಗೆ ಉಳಿದಿದ್ದ ದಾರಿ ಒಂದೇ: ಎದುರಾಳಿಗಿಂತ ತಡವಾಗಿ ಬ್ರೇಕ್ ಒತ್ತಿ ತಿರುವಿನ ಒಳಬದಿಗೆ ನುಗ್ಗುವುದು. ತುಸು ಹೆಚ್ಚು ತಡವಾದರೆ ಕಾರು ಟ್ರ್ಯಾಕ್ ಬಿಟ್ಟು ಆಚೆ ಹೋಗುತ್ತದೆ. ಕೊನೆಯ ಸುತ್ತುಗಳಲ್ಲಿ ಇಬ್ಬರೂ ಮತ್ತೆ ಮತ್ತೆ ಒಬ್ಬರನ್ನೊಬ್ಬರು ಹಿಂದಿಕ್ಕಿದರು, ಚಕ್ರಗಳು ಹಲವು ಬಾರಿ ತಾಗಿದವು. ಆದರೆ ಪಕ್ಕದಲ್ಲಿ ಕಾರಿದೆ ಎಂದು ಗೊತ್ತಿದ್ದೂ ಅಡ್ಡ ತಿರುಗಿಸಿ ದಾರಿ ಮುಚ್ಚುವ ಕೆಲಸವನ್ನು ಇಬ್ಬರೂ ಮಾಡಲಿಲ್ಲ. ವಿಲ್ನೆವ್ ಸುಮಾರು ಕಾಲು ಸೆಕೆಂಡ್ ಅಂತರದಲ್ಲಿ ಎರಡನೆಯವರಾದರು. ರೇಸ್ ಗೆದ್ದವರು ಜಾನ್-ಪಿಯೆರ್ ಜಬೂಯಿ. ಟರ್ಬೊ ಕಾರಿಗೆ ಅದು ಮೊದಲ ಜಯ, ಪಾಪ, ಅದನ್ನು ನೆನೆಯುವವರು ಕಡಿಮೆ. ಇದು ಅಪಾಯದ ಆಟ ಎಂದು ಕೆಲವು ಚಾಲಕರು ಸಿಟ್ಟಾದರು. ಆರ್ನೂ ಮತ್ತು ವಿಲ್ನೆವ್ ಮಾತ್ರ ನಗುತ್ತಿದ್ದರು.

ಅದೇ ವರ್ಷ ಮೊಂಜಾದಲ್ಲಿ ಇನ್ನೊಂದು ಪರೀಕ್ಷೆ. ತಂಡದ ಜೊತೆಗಾರ ಜೋಡಿ ಶೆಕ್ಟರ್ ಮುಂದಿದ್ದರು. ಹಿಂದಿಕ್ಕಿದ್ದರೆ ಪಟ್ಟದ ಆಸೆ ಜೀವಂತವಾಗಿರುತ್ತಿತ್ತು. ತಂಡದ ಸೂಚನೆಗೆ ತಲೆಬಾಗಿ ವಿಲ್ನೆವ್ ಅರ್ಧ ಸೆಕೆಂಡ್ ಹಿಂದೆಯೇ ಉಳಿದರು. ಶೆಕ್ಟರ್ ಚಾಂಪಿಯನ್ ಆದರು.

ಈ ಋಣ ತನಗೂ ಸಂದಾಯವಾಗುತ್ತದೆ ಎಂದು ಅವರು ನಂಬಿದ್ದಿರಬೇಕು. 1982ರ ಏಪ್ರಿಲ್ 25ರಂದು ಇಮೋಲಾದಲ್ಲಿ ಎರಡೂ ಫೆರಾರಿಗಳು ಮುಂದಿದ್ದಾಗ ತಂಡ ವೇಗ ತಗ್ಗಿಸುವಂತೆ ಫಲಕ ತೋರಿಸಿತು. ಇದ್ದ ಕ್ರಮದಲ್ಲೇ ಮುಗಿಸಬೇಕು ಎಂದು ವಿಲ್ನೆವ್ ತಿಳಿದರು. ಹಿಂದಿದ್ದ ಡಿಡಿಯೆ ಪಿರೋನಿ ಮುಂದೆ ಹೋದಾಗಲೂ ಪ್ರೇಕ್ಷಕರನ್ನು ರಂಜಿಸುವ ಆಟ ಎಂದುಕೊಂಡರು. ಕೊನೆಯ ಸುತ್ತಿನಲ್ಲಿ ಟೋಸಾ ತಿರುವಿನ ಬಳಿ ಪಿರೋನಿ ಮತ್ತೆ ಹಿಂದಿಕ್ಕಿ ಗೆದ್ದೇಬಿಟ್ಟರು. ಫಲಕದಲ್ಲಿ ಸ್ಥಾನ ಕಾಯ್ದುಕೊಳ್ಳಿ ಎಂದೇನೂ ಇರಲಿಲ್ಲ ಎಂಬುದು ಪಿರೋನಿ ವಾದ. ನಿಯಮ ಅವರ ಕಡೆಗೇ ಇತ್ತು. ಆದರೆ ಎದುರಾಳಿ ಸ್ಪರ್ಧಿಸುತ್ತಿಲ್ಲ ಎಂದು ಗೊತ್ತಿದ್ದೂ ಮಾಡಿದ ಓವರ್‌ಟೇಕ್‌ಗೆ ಎಷ್ಟು ಬೆಲೆ? ಇನ್ನು ಅವನೊಡನೆ ಮಾತಿಲ್ಲ ಎಂದರು ವಿಲ್ನೆವ್.

13 ದಿನಗಳ ನಂತರ ಮೇ 8ರಂದು ಬೆಲ್ಜಿಯಂನ ಜೋಲ್ಡರ್‌ನಲ್ಲಿ ಅರ್ಹತಾ ಸುತ್ತು. ಪಿರೋನಿ ಸಮಯ ತುಸು ಉತ್ತಮವಾಗಿತ್ತು. ನಿಧಾನವಾಗಿ ಸಾಗುತ್ತಿದ್ದ ಯೋಹೆನ್ ಮಾಸ್ ದಾರಿ ಬಿಡಲೆಂದು ಬಲಕ್ಕೆ ಸರಿದರು. ಅದೇ ಕ್ಷಣ ವಿಲ್ನೆವ್ ಕೂಡ ಬಲಕ್ಕೇ ತಿರುಗಿಸಿದ್ದರು. ಆ ರಾತ್ರಿ ಅವರು ತೀರಿಕೊಂಡರು, 32 ವರ್ಷ. ಕೋಪವೇ ಕೊಂದಿತು ಎಂದು ಬರೆದವರು ಬಹಳ. ಆದರೆ ಅರ್ಹತಾ ಸುತ್ತಿನಲ್ಲಿ ಅವರು ಯಾವತ್ತೂ ಹಾಗೆಯೇ ಓಡಿಸುತ್ತಿದ್ದರು.

ಪಿರೋನಿ 1987ರಲ್ಲಿ ಪವರ್‌ಬೋಟ್ ರೇಸ್‌ನಲ್ಲಿ ಸತ್ತರು. ಆನಂತರ ಹುಟ್ಟಿದ ಅವರ ಅವಳಿ ಗಂಡುಮಕ್ಕಳ ಹೆಸರು ಡಿಡಿಯೆ ಮತ್ತು ಜಿಲ್.

ವಿಲ್ನೆವ್ ಮಗ ಜಾಕ್ 1997ರಲ್ಲಿ ಸ್ಪೇನ್‌ನ ಹೆರೆಜ್‌ನಲ್ಲಿ ಪಟ್ಟಕ್ಕಾಗಿ ಹೋರಾಡುತ್ತಿದ್ದಾಗ ಒಳಬದಿಯಿಂದ ನುಗ್ಗಿದರು. ಮುಂದಿದ್ದ ಮೈಕೆಲ್ ಶೂಮಾಕರ್ ತಮ್ಮ ಫೆರಾರಿಯನ್ನು ಅವರತ್ತಲೇ ತಿರುಗಿಸಿದರು. ಜಲ್ಲಿಯಲ್ಲಿ ಸಿಕ್ಕಿಬಿದ್ದದ್ದು ಶೂಮಾಕರ್ ಕಾರೇ. ಜಾಕ್ ಚಾಂಪಿಯನ್ ಆದರು. ಶೂಮಾಕರ್ ಹೆಸರನ್ನು ಆ ವರ್ಷದ ಚಾಂಪಿಯನ್‌ಷಿಪ್ ಪಟ್ಟಿಯಿಂದಲೇ ತೆಗೆದುಹಾಕಲಾಯಿತು.