ಬೆಳ್ಳೂರಿನ ಪೆರುಮಾಳೆ ದಂಡನಾಯಕ: ಹೊಯ್ಸಳರ ದಕ್ಷಿಣದ ಗಡಿಠಾಣ್ಯ ಮತ್ತು ಅದರ ಯೋಧರು

ಹೊಯ್ಸಳ ದಂಡನಾಯಕರ ಜೀವನವನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರೆದುಕೊಂಡು ಬಂದಿದ್ದೇವೆ. ಗೆದ್ದ ಯುದ್ಧಗಳನ್ನು ಎಣಿಸುವುದು ಒಂದು ಬಗೆ. ಕಟ್ಟಿಸಿದ ಗುಡಿ, ಬಿಟ್ಟ ದತ್ತಿಗಳನ್ನು ಎಣಿಸುವುದು ಇನ್ನೊಂದು. ಮೊದಲನೆಯದು ರಾಜಕೀಯ ಚರಿತ್ರೆಯ ಪುಟಗಳಿಗೆ ಸೇರಿದರೆ ಎರಡನೆಯದು ದೇವಾಲಯಗಳ ಅಧ್ಯಯನಕ್ಕೆ ಸೇರಿದೆ. ಹೀಗೆ ಒಬ್ಬನೇ ವ್ಯಕ್ತಿ ಎರಡು ಹೋಳಾಗಿ ನಮ್ಮ ಮುಂದೆ ಬಂದಿದ್ದಾನೆ. ಮೂರನೆಯ ನರಸಿಂಹನ ಮಹಾಪ್ರಧಾನನಾಗಿದ್ದ ಪೆರುಮಾಳೆ ದಂಡನಾಯಕನ ವಿಷಯದಲ್ಲಿಯೂ ಇದೇ ಆಗಿದೆ. ಕನ್ನಡ ಶಿಕ್ಷಣದ ಇತಿಹಾಸವನ್ನು ಬಲ್ಲವರಿಗೆ ಅವನು ಮೈಲಂಗೆಯ ಪಾಠಶಾಲೆಯ ದಾನಿ. ನಾಗಮಂಗಲ ಸೀಮೆಯ ಸ್ಥಳಚರಿತ್ರೆಯನ್ನು ಬಲ್ಲವರಿಗೆ ಬೆಳ್ಳೂರಿನ ಮಾಧವ ದೇವಾಲಯದ ನಿರ್ಮಾತೃ. ಅವನ ಕತ್ತಿಗೂ ಈ ದತ್ತಿಗಳಿಗೂ ಇದ್ದ ನಂಟು ಮಾತ್ರ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಆ ನಂಟನ್ನು ಅವನ ಜೀವನದ ಮೂಲಕವೇ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಕಾಲದ ಹಿನ್ನೆಲೆ

ಪೆರುಮಾಳೆಯು ಬೆಳೆದು ಬಂದ ಕಾಲ ಹೊಯ್ಸಳ ರಾಜ್ಯ ಎರಡಾದ ಕಾಲ. ಸೋಮೇಶ್ವರನು ತನ್ನ ಆಳ್ವಿಕೆಯ ಬಹುಭಾಗವನ್ನು ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ ಕಳೆದನು. 1254ರ ಸುಮಾರಿಗೆ ರಾಜ್ಯವು ಅವನ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು. ದೋರಸಮುದ್ರವೂ ಕನ್ನಡ ನಾಡಿನ ಭಾಗವೂ ಮೂರನೆಯ ನರಸಿಂಹನಿಗೆ ಬಂದರೆ, ತಮಿಳು ನಾಡಿನ ಭಾಗ ರಾಮನಾಥನಿಗೆ ಸೇರಿತು. ಅಣ್ಣತಮ್ಮಂದಿರ ಈ ಪಾಲು ಶಾಂತಿಯನ್ನು ತರಲಿಲ್ಲ. ಪಾಂಡ್ಯರ ಒತ್ತಡಕ್ಕೆ ಸಿಕ್ಕಿದ ರಾಮನಾಥನು ಮುಂದೆ ಕಣ್ಣನೂರನ್ನು ಬಿಟ್ಟು ಕುಂದಾಣಿಗೆ ಸರಿದನು. ನರಸಿಂಹನ ನಾಡಿನ ಮೇಲೆಯೂ ಏರಿ ಬಂದನು. ಉತ್ತರದಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮನು 1276ರಲ್ಲಿ ದೋರಸಮುದ್ರದ ಸಮೀಪದ ಬೆಳವಾಡಿಯವರೆಗೆ ನುಗ್ಗಿ ಬಂದು ಹಿಮ್ಮೆಟ್ಟಿದನು.

ಇಂಥ ಸಂದರ್ಭದಲ್ಲಿ ಗಡಿ ಎಂಬುದು ಒಂದು ಗೆರೆಯಾಗಿರಲಿಲ್ಲ. ಕಣಿವೆ, ಹೊಳೆದಾಟು, ಬೆಟ್ಟದ ದಾರಿಗಳೇ ಗಡಿಗಳಾಗಿದ್ದವು. ಅವುಗಳ ಬಾಯಲ್ಲಿ ಠಾಣ್ಯವನ್ನಿರಿಸಿ ಕಾಯಬೇಕಾಗಿತ್ತು. ದಕ್ಷಿಣದ ಈ ದಾರಿಗಳ ಮಹತ್ವವನ್ನು ಹೊಯ್ಸಳರು ವಿಷ್ಣುವರ್ಧನನ ಕಾಲದಲ್ಲಿಯೇ ಅರಿತಿದ್ದರು. ಅವನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡ ಸಂಗತಿ 1117ರ ಚಾಮರಾಜನಗರದ ಶಾಸನದಲ್ಲಿ ದಾಖಲಾಗಿದೆ. ಒಂದು ಬಾರಿ ಗೆದ್ದ ಬೆಟ್ಟವನ್ನು ತಲೆಮಾರುಗಳವರೆಗೆ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಪೆರುಮಾಳೆ ಮತ್ತು ಅವನ ವಂಶದವರ ಪಾಲಿಗೆ ಬಂದುದು ಈ ಎರಡನೆಯ ಕೆಲಸ.

2. ಹೆಸರು ಮತ್ತು ಬಿರುದು

ಪೆರುಮಾಳೆ ಎಂಬ ಹೆಸರೇ ಗಮನಾರ್ಹವಾದುದು. ತಮಿಳು ವೈಷ್ಣವ ಪರಂಪರೆಯ ದೇವರ ಹೆಸರು ಕನ್ನಡದ ಎಕಾರಾಂತ ರೂಪವನ್ನು ತಳೆದು ದೋರಸಮುದ್ರದ ಅರಮನೆಯ ಪ್ರಧಾನನೊಬ್ಬನ ಹೆಸರಾಗಿ ನಿಂತಿದೆ. ಎರಡು ಭಾಷೆಗಳ ನಡುವೆ ಬದುಕಿದ ಹೊಯ್ಸಳ ಆಡಳಿತವರ್ಗದ ಸ್ವರೂಪ ಇದರಲ್ಲಿ ಕಾಣುತ್ತದೆ.

ಅವನ ಬಿರುದುಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ರಾವುತರಾಯ. ರಾವುತನೆಂದರೆ ಕುದುರೆಯ ಮೇಲಿನ ಯೋಧ. ಈ ಬಿರುದು ಅವನ ಬಲ ಅಶ್ವದಳದಲ್ಲಿ ಇದ್ದುದನ್ನು ಸೂಚಿಸುತ್ತದೆ. ಎರಡನೆಯದು ಜವನಿಕೆ ನಾರಾಯಣ. ರತ್ನಪಾಲನೆಂಬವನನ್ನು ಯುದ್ಧದಲ್ಲಿ ಸೋಲಿಸಿ, ಅವನ ಜವನಿಕೆಯನ್ನು ಕಿತ್ತುಕೊಂಡ ಸಾಹಸದಿಂದ ಈ ಬಿರುದು ಬಂದಿತೆಂದು ಶಾಸನಗಳು ತಿಳಿಸುತ್ತವೆ. ಜವನಿಕೆ ಎಂದರೆ ತೆರೆ. ಸಂಸ್ಕೃತ ನಾಟಕದ ಪರಿಭಾಷೆಯಲ್ಲಿ ನಮಗೆ ಪರಿಚಿತವಾದ ಈ ಪದ ಇಲ್ಲಿ ರಣರಂಗದ ನಡುವೆ ಬಂದಿದೆ. ಒಡೆಯನ ಬಿಡಾರದ ತೆರೆಯನ್ನು ಸೆಳೆದುಕೊಳ್ಳುವುದೆಂದರೆ ಅವನ ಸುತ್ತಣ ಕಾವಲನ್ನು ಮುರಿದು ಒಳಹೊಕ್ಕಂತೆ. ಶತ್ರುವಿನ ಮಾನವನ್ನು ಹರಿಯುವ ಕ್ರಿಯೆಯೂ ಅದೇ ಆಗಿರುವುದರಿಂದ ಇದು ಬಿರುದಾಗುವಷ್ಟು ದೊಡ್ಡ ಗೆಲುವೆನಿಸಿತೆಂದು ಊಹಿಸಬಹುದು.

3. ಬೆಳ್ಳೂರು: ಗಡಿಯ ಹಿಂದಿನ ಊರು

ಬೆಳ್ಳೂರು ಇಂದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿಗೆ ಸೇರಿದೆ. ಶಾಸನಗಳಲ್ಲಿ ಇದಕ್ಕೆ ಉದ್ಭವನರಸಿಂಹಪುರವೆಂಬ ಅಗ್ರಹಾರದ ಹೆಸರಿದೆ. ಪೆರುಮಾಳೆಯ ಹೆಸರನ್ನುಳ್ಳ 13ನೆಯ ಶತಮಾನದ ಉತ್ತರಾರ್ಧದ ಶಾಸನಗಳು ಇಲ್ಲಿವೆ. ಊರಿನ ಮಾಧವ ದೇವಾಲಯವು ಅವನ ಕೊಡುಗೆ. ಇದೇ ಅರಸನ ಇನ್ನೊಬ್ಬ ದಂಡನಾಯಕ ಸೋಮನಾಥನು ಕಾವೇರಿಯ ದಡದಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದ್ದನ್ನು ಇಲ್ಲಿ ನೆನೆಯಬಹುದು. ಶಿಲ್ಪದ ದೃಷ್ಟಿಯಿಂದ ಎರಡನ್ನೂ ಹೋಲಿಸಲಾಗದು. ಆದರೆ ಸೇನಾಧಿಕಾರಿಯೊಬ್ಬನು ಅಗ್ರಹಾರವನ್ನು ಪೋಷಿಸಿ ಅದರ ನಡುವೆ ದೇವರನ್ನು ನಿಲ್ಲಿಸುವ ಕ್ರಮ ಎರಡರಲ್ಲಿಯೂ ಒಂದೇ.

ಬೆಳ್ಳೂರು ಗಡಿಯ ಊರಲ್ಲ. ಅದು ಹೊಯ್ಸಳನಾಡಿನ ಒಳಗಿನದು. ಗಡಿಯಲ್ಲಿ ಸೇವೆ ಸಲ್ಲಿಸುವ ದಂಡನಾಯಕನು ಒಳನಾಡಿನ ಊರೊಂದಕ್ಕೆ ಇಷ್ಟು ಧನವನ್ನು ಏಕೆ ಸುರಿಯಬೇಕು? ಪುಣ್ಯ ಮತ್ತು ಕೀರ್ತಿ ಎಂಬ ಉತ್ತರ ಸಿದ್ಧವಾಗಿದೆ, ಅದು ಸುಳ್ಳೂ ಅಲ್ಲ. ಆದರೆ ಅಗ್ರಹಾರದ ಕಟ್ಟಡವನ್ನು ಬಿಟ್ಟು ಅದರ ಕೆಲಸವನ್ನು ನೋಡಿದರೆ ಇನ್ನೊಂದು ಉತ್ತರ ದೊರೆಯುತ್ತದೆ. ಅಗ್ರಹಾರವೆಂದರೆ ಕೆರೆ, ಕೆರೆಯ ಕೆಳಗಿನ ಗದ್ದೆ, ಗಡಿಗುರುತು ಹಾಕಿದ ಹೊಲ, ಲೆಕ್ಕ ಇಡಬಲ್ಲ ಮಹಾಜನರು. ಕುದುರೆಯ ಮೇಲೆ ನಿಂತ ಸೈನ್ಯಕ್ಕೆ ಬೇಕಾದುದು ಹುಲ್ಲು, ಹುರುಳಿ, ಅಕ್ಕಿ ಮತ್ತು ನೆಚ್ಚಬಹುದಾದ ಲೆಕ್ಕ. ಭೂಮಿಯ ಹುಟ್ಟುವಳಿಯೇ ಸೇವೆಯ ಸಂಬಳವಾಗಿದ್ದ ಕಾಲದಲ್ಲಿ ಒಳನಾಡಿನ ವ್ಯವಸಾಯ ಗಟ್ಟಿಯಾಗದೆ ಗಡಿಯ ಠಾಣ್ಯ ನಿಲ್ಲುವಂತಿರಲಿಲ್ಲ. ಬೆಳ್ಳೂರಿನ ದತ್ತಿಯನ್ನು ಯುದ್ಧದಿಂದ ನಿವೃತ್ತಿ ಹೊಂದಿದವನ ಧರ್ಮಕಾರ್ಯವೆಂದು ಓದುವುದಕ್ಕಿಂತ, ಯುದ್ಧವನ್ನು ನಡೆಸಬಲ್ಲ ವ್ಯವಸ್ಥೆಯ ಒಂದು ಭಾಗವೆಂದು ಓದುವುದು ಹೆಚ್ಚು ಸಮಂಜಸವೆನಿಸುತ್ತದೆ.

4. ಮೈಲಂಗೆ: ಅಕ್ಷರದ ಠಾಣ್ಯ

1290ರಲ್ಲಿ ಪೆರುಮಾಳೆಯು ಮೈಲಂಗೆಯಲ್ಲಿ ವಿದ್ಯೆಗಾಗಿ ದತ್ತಿ ಬಿಟ್ಟನು. ಮೈಲಂಗೆಯೆಂದರೆ ಇಂದಿನ ಮಾಲಂಗಿ, ತಲಕಾಡಿನ ಎದುರುದಡದಲ್ಲಿದೆ. ವೇದಾಧ್ಯಯನದ ಜೊತೆಗೆ ಮಕ್ಕಳಿಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕನ್ನು ಕಲಿಸುವ ಉಪಾಧ್ಯಾಯರಿಗೂ ಈ ದತ್ತಿಯಲ್ಲಿ ಅವಕಾಶವಿತ್ತು. ತಿಗುಳವೆಂದರೆ ತಮಿಳು, ಆರ್ಯವನ್ನು ಮರಾಠಿಯೆಂದು ರೈಸ್ ಅರ್ಥೈಸಿದ್ದಾರೆ. ಬಹುಭಾಷಾ ಶಿಕ್ಷಣದ ಹಳೆಯ ನಿದರ್ಶನವೆಂದು ಈ ಶಾಸನವನ್ನು ನಮ್ಮ ವಿದ್ವಾಂಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಉಲ್ಲೇಖಿಸುವಾಗ ದಾನಿಯು ದಂಡನಾಯಕನೆಂಬುದನ್ನು ಹೇಳಿ ಮುಂದೆ ಸಾಗಿದ್ದೇವೆ. ಅಲ್ಲಿಯೇ ನಿಂತು ಯೋಚಿಸಬೇಕಾಗಿದೆ.

ಮೈಲಂಗೆ ಹಳೆಯ ಗಡಿ. ತಲಕಾಡು ಚೋಳರ ಕೈಯಲ್ಲಿದ್ದಾಗ ಈ ಊರಿಗೆ ಜನನಾಥಪುರವೆಂಬ ಹೆಸರಿತ್ತು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1116ರ ಸುಮಾರಿಗೆ ತಲಕಾಡನ್ನು ಗೆದ್ದ ಮೇಲೆಯೂ ಈ ಪ್ರದೇಶದ ತಮಿಳು ಬಳಕೆ ನಿಂತುಹೋಗಲಿಲ್ಲ. ಇನ್ನು ಈ ನಾಲ್ಕು ವಿದ್ಯೆಗಳನ್ನು 1290ರ ರಾಜಕೀಯದ ಎದುರಿಗೆ ಇಟ್ಟು ನೋಡೋಣ. ಕನ್ನಡ ದೋರಸಮುದ್ರದ ಆಡಳಿತದ ಭಾಷೆ. ತಿಗುಳ ರಾಮನಾಥನ ಮತ್ತು ಪಾಂಡ್ಯರ ನಾಡಿನದು. ರೈಸ್ ಅವರ ಅರ್ಥವನ್ನು ಒಪ್ಪಿದರೆ ಆರ್ಯ ಸೇವುಣರ ನಾಡಿನದು. ನಾಗರವು ಶಾಸ್ತ್ರ ಮತ್ತು ತಾಮ್ರಪಟಗಳ ಲಿಪಿ. ನರಸಿಂಹನ ರಾಜ್ಯ ಯಾರ ಯಾರೊಡನೆ ಕಾದುತ್ತಿತ್ತೋ, ಸಂಧಿ ಮಾಡಿಕೊಳ್ಳುತ್ತಿತ್ತೋ, ಅವರ ಓಲೆಗಳನ್ನು ಓದಲು ಬೇಕಾದ ಅಕ್ಷರಜ್ಞಾನವೆಲ್ಲ ಇಲ್ಲಿದೆ. ಇದು ಸೈನ್ಯಕ್ಕಾಗಿ ತೆರೆದ ಶಾಲೆಯೆಂದು ಶಾಸನ ಹೇಳುವುದಿಲ್ಲ, ಹಾಗೆಂದು ನಾವೂ ಹೇಳಬೇಕಿಲ್ಲ. ಆದರೆ ಗಡಿಯ ಆಡಳಿತವನ್ನು ಕಂಡ ಒಬ್ಬನಿಗೆ ಯಾವ ವಿದ್ಯೆಗಳ ಕೊರತೆ ಕಣ್ಣಿಗೆ ಬಿದ್ದಿರಬಹುದೆಂಬುದನ್ನು ಈ ಆಯ್ಕೆ ತೋರಿಸುತ್ತದೆ.

5. ತೆರಕಣಾಂಬಿ ಮತ್ತು ದಣ್ಣಾಯಕನಕೋಟೆ

1291–92ರ ಸುಮಾರಿಗೆ ನರಸಿಂಹನು ತೀರಿಕೊಂಡು ಮೂರನೆಯ ಬಲ್ಲಾಳನು ಪಟ್ಟಕ್ಕೆ ಬಂದನು. ಅವನ ಆಳ್ವಿಕೆಯಲ್ಲಿ ತೆರಕಣಾಂಬಿಯಿಂದ ಪದಿನಾಲ್ಕುನಾಡನ್ನು ಆಳಿದವನು ಪೆರುಮಾಳೆಯ ಮಗ ಮಾಧವ ದಂಡನಾಯಕ. ಅವನ ಬಿರುದುಗಳಲ್ಲಿ ಒಂದು ಇಮ್ಮಡಿ ರಾಹುತ್ತರಾಯ. ತಂದೆಯ ರಾವುತರಾಯ ಬಿರುದು ಮಗನಲ್ಲಿ ಇಮ್ಮಡಿಯಾಗಿ ಮರಳಿರುವುದು ಇಬ್ಬರ ಸಂಬಂಧವನ್ನು ದೃಢಪಡಿಸುವ ಒಳಸಾಕ್ಷ್ಯವಾಗಿದೆ. ಮಗನ ಹೆಸರು ಬೆಳ್ಳೂರಿನ ದೇವರ ಹೆಸರೇ ಆಗಿರುವುದನ್ನೂ ಇದರೊಡನೆ ಗಮನಿಸಬಹುದು. ನೀಲಗಿರಿಯನ್ನು ಸಾಧಿಸಿದವನೆಂಬ ಅರ್ಥದ ಬಿರುದೂ ಈ ಮನೆತನಕ್ಕೆ ಸೇರಿತು. ಗುಂಡ್ಲುಪೇಟೆ ಸೀಮೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವು 1315ರ ಸುಮಾರಿನದು; ಅದು ಮಾಧವನ ಹೆಸರಿನೊಡನೆ ಬೆಸೆದುಕೊಂಡಿದೆ. ಅವನ ಮಕ್ಕಳಾದ ಕೇತಯ, ಸಿಂಗೆಯರು ಇದೇ ನಾಡನ್ನು ಮುಂದುವರಿಸಿದರು. ಹೀಗೆ ಮೂರು ತಲೆಮಾರು ದಕ್ಷಿಣದ ದಾರಿಗಳನ್ನು ಕಾದಿದೆ.

ಈ ಕಾವಲಿನ ತುತ್ತತುದಿಯ ಠಾಣ್ಯ ದಣ್ಣಾಯಕನಕೋಟೆ. ಮೈಸೂರಿನ ಮೇಲ್ನಾಡಿನಿಂದ ಗಜ್ಜಲಹಟ್ಟಿ ಕಣಿವೆಯ ಮೂಲಕ ಕೊಂಗುನಾಡಿಗೆ ಇಳಿಯುವ ದಾರಿಯಲ್ಲಿ, ಮೋಯಾರ್ ಹೊಳೆಯು ಭವಾನಿಯನ್ನು ಕೂಡುವೆಡೆಯಲ್ಲಿ ಈ ಕೋಟೆಯಿತ್ತು. ಒಂದೆಡೆ ನೀಲಗಿರಿಯ ಗೋಡೆ, ಇನ್ನೊಂದೆಡೆ ಕೊಂಗಿನ ಬಯಲು. ನಡುವೆ ಹೊಳೆಗಳ ಕೂಡಲು. ಈ ದಾರಿಯ ಬೆಲೆ ಹೊಯ್ಸಳರೊಡನೆ ಮುಗಿಯಲಿಲ್ಲ. 1790ರಲ್ಲಿ ಟಿಪ್ಪು ಸುಲ್ತಾನನು ಇದೇ ಕಣಿವೆಯಲ್ಲಿ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ಪಡೆಯನ್ನು ಎದುರಿಸಿದನು. 1800ರಲ್ಲಿ ಬುಕಾನನ್ ತನ್ನ ಪ್ರವಾಸದಲ್ಲಿ ಈ ಕೋಟೆಯನ್ನು ಹಾದುಹೋದನು. 1955ರಲ್ಲಿ ಭವಾನಿಸಾಗರ ಜಲಾಶಯ ಪೂರ್ಣಗೊಂಡು ಕೋಟೆ ನೀರಿನಡಿಯಾಯಿತು. ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿನ ಮಾಧವ ಪೆರುಮಾಳ್ ದೇವಾಲಯ ಮೇಲೆ ಕಾಣುತ್ತದೆ. ಮಗನ ಹೆಸರೂ ತಂದೆಯ ಹೆಸರೂ ಆ ದೇವರ ಹೆಸರಿನಲ್ಲಿ ಒಟ್ಟಿಗೆ ನಿಂತಿವೆ. ಕೋಟೆಯ ಹೆಸರಿನಲ್ಲಿ ಮಾತ್ರ ಉಳಿದುದು ಪದವಿ. ಯಾವ ದಣ್ಣಾಯಕನೆಂಬುದನ್ನು ಶಾಸನಗಳಿಂದಲೇ ತಿಳಿಯಬೇಕಾಗಿದೆ.

6. ಹೆಸರಿಲ್ಲದ ಯೋಧರು

ದಂಡನಾಯಕನ ಜೀವನ ಇಷ್ಟು ದೊರೆಯುತ್ತದೆ. ಅವನ ಹಿಂದೆ ನಡೆದ ರಾವುತರೂ ಕಾಲಾಳುಗಳೂ ಎಲ್ಲಿ? ಅವರು ಬೆಳ್ಳೂರು, ಮೈಲಂಗೆಗಳ ದಾನಶಾಸನಗಳಲ್ಲಿ ಕಾಣುವುದಿಲ್ಲ. ಅವರನ್ನು ಊರ ಹೊರಗಿನ ವೀರಗಲ್ಲುಗಳಲ್ಲಿ, ಸತ್ತವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ತುಂಡು ಹೊಲಗಳಲ್ಲಿ ಹುಡುಕಬೇಕು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಈ ದಿಸೆಯಲ್ಲಿ ಬಹು ಮುಖ್ಯವಾದವು. ತಲೆಯ ಮೇಲೆ ಆನೆಯನ್ನೂ ಆನೆಯ ಮೇಲೆ ಗರುಡನನ್ನೂ ಹೊತ್ತ ಈ ಕಂಬಗಳು, ಎರೆಯಂಗನಿಂದ ಮೂರನೆಯ ನರಸಿಂಹನವರೆಗೆ ಅರಸರು ಸತ್ತಾಗ ಅವರೊಡನೆ ಪ್ರಾಣ ಬಿಟ್ಟ ಒಂದೇ ಮನೆತನದ ಲೆಂಕರನ್ನು ನೆನೆಯುತ್ತವೆ. ಅವರ ಹೆಂಡಿರೂ ದಾಸಿಯರೂ ಆ ಸಾವಿನಲ್ಲಿ ಪಾಲ್ಗೊಂಡರು.

ನರಸಿಂಹನ ಸೇವೆಯಲ್ಲಿ ಎರಡು ಬಗೆಯ ಜನರಿದ್ದರು. ಪೆರುಮಾಳೆಗೆ ಅವನ ಸೇವೆ ಬಿರುದನ್ನೂ ಅಗ್ರಹಾರವನ್ನೂ ವಂಶಕ್ಕೆ ನಾಡನ್ನೂ ತಂದಿತು. ಲೆಂಕನಿಗೆ ತಂದುದು ಕಂಬ. ಜೋಳವಾಳಿ, ವೇಳೆವಾಳಿ ಎಂಬ ಪದಗಳನ್ನು ನಾವು ಸ್ವಾಮಿಭಕ್ತಿಯ ಆದರ್ಶಗಳೆಂದು ತರಗತಿಗಳಲ್ಲಿ ವಿವರಿಸುತ್ತೇವೆ. ಉಂಡ ಜೋಳದ ಋಣವು ಕೆಲವರಿಗೆ ಭೂಮಿಯಾಗಿಯೂ ಕೆಲವರಿಗೆ ಸಾವಾಗಿಯೂ ತೀರಿತೆಂಬುದನ್ನು ಅದರೊಡನೆಯೇ ಹೇಳಬೇಕಾಗುತ್ತದೆ. ಆ ಸಾವಿಗೆ ಒಳಗಾದ ಹೆಂಗಸರು ಯಾವ ಜೋಳದ ಋಣವನ್ನು ತೀರಿಸಿದರೆಂಬುದು ಇನ್ನೂ ಕಠಿಣವಾದ ಪ್ರಶ್ನೆ.

ಒಟ್ಟಾರೆಯಾಗಿ, ಪೆರುಮಾಳೆ ದಂಡನಾಯಕನ ಜೀವನವು ಗಡಿಠಾಣ್ಯವೊಂದರ ಚರಿತ್ರೆಯನ್ನು ಕೋಟೆಯ ಗೋಡೆಯಿಂದ ಆಚೆಗೆ ವಿಸ್ತರಿಸಿ ನೋಡುವಂತೆ ಮಾಡುತ್ತದೆ. ಭವಾನಿಯ ದಡದ ಕೋಟೆ ನಿಂತುದು ಬೆಳ್ಳೂರಿನಂಥ ಊರುಗಳ ಗದ್ದೆಯ ಬಲದಿಂದ, ಮೈಲಂಗೆಯಂಥ ಶಾಲೆಗಳ ಅಕ್ಷರದ ಬಲದಿಂದ, ಹೆಸರಿಲ್ಲದ ರಾವುತರ ಮೈಬಲದಿಂದ. ಮೊದಲ ಎರಡಕ್ಕೆ ದಾನಶಾಸನಗಳು ಸಾಕ್ಷಿ ನುಡಿಯುತ್ತವೆ. ಮೂರನೆಯದಕ್ಕೆ ವೀರಗಲ್ಲುಗಳೇ ಸಾಕ್ಷಿ. ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ಇನ್ನೂ ನಿಂತಿರುವ ಈ ಕಲ್ಲುಗಳನ್ನು ದಾನಶಾಸನಗಳ ಪಕ್ಕದಲ್ಲಿಟ್ಟು, ನಾಡಿನಿಂದ ನಾಡಿಗೆ ಓದುವ ಕೆಲಸ ನಡೆದಾಗ ದಂಡನಾಯಕನ ಚರಿತ್ರೆ ಅವನ ದಂಡಿನ ಚರಿತ್ರೆಯೂ ಆಗುತ್ತದೆ.