ಮುಸ್ಸಂಜೆಯ ಕಥೆಗಾರ ರಾಡ್ ಸರ್ಲಿಂಗ್

ಬಿಡುವಿನ ವೇಳೆಯಲ್ಲಿ ಮನುಷ್ಯನು ಯಾವಾಗಲೂ ಹೊಸದನ್ನೇ ಅರಸುತ್ತಾನೆ ಎಂಬ ಮಾತು ಪೂರ್ಣ ಸತ್ಯವಲ್ಲ. ದಿನದ ದುಡಿಮೆ ಮುಗಿದ ಮೇಲೆ ಕೆಲವರು ಒಮ್ಮೆ ಓದಿದ ಕಾದಂಬರಿಯನ್ನೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ; ಕೆಲವರು ನಿನ್ನೆ ನಡೆದ ದಾರಿಯಲ್ಲೇ ಇಂದೂ ಅಡ್ಡಾಡಿ ಬರುತ್ತಾರೆ; ಗಮಕದಲ್ಲಿ ಅಭಿರುಚಿಯುಳ್ಳವರು ಕುಮಾರವ್ಯಾಸನ ಒಂದೇ ಪ್ರಸಂಗವನ್ನು ವರ್ಷವರ್ಷವೂ ಕೇಳಿ ದಣಿಯುವುದಿಲ್ಲ. ಇಂಥ ಮರುಸವಿಗಳಲ್ಲಿ ನನಗೆ ಪ್ರಿಯವಾದದ್ದು ಇನ್ನೊಂದುಂಟು. ಅದು ಅಮೆರಿಕದ ಹಳೆಯ ಟೆಲಿವಿಷನ್ನಿನ ಕಪ್ಪು ಬಿಳುಪಿನ ವಿಜ್ಞಾನಕಥೆಗಳನ್ನು ಮತ್ತೆ ಮತ್ತೆ ನೋಡುವುದು. ಅವುಗಳಲ್ಲಿಯೂ ನಾನು ಹೆಚ್ಚಾಗಿ ಮರಳುವುದು 'ದಿ ಟ್ವಿಲೈಟ್ ಝೋನ್' ಎಂಬ ಮಾಲಿಕೆಗೆ. ಹಗಲೂ ಅಲ್ಲದ, ಇರುಳೂ ಅಲ್ಲದ ಮುಸ್ಸಂಜೆಯ ಸೀಮೆ ಎಂದು ಅದರ ಹೆಸರಿಗೆ ಅರ್ಥ ಹೇಳಬಹುದು. ಕಥೆಯ ಮೊದಲಿಗೆ ಕಪ್ಪು ಸೂಟು ತೊಟ್ಟ, ತೆಳುಮೈಯ ವ್ಯಕ್ತಿಯೊಬ್ಬನು ಬಂದು, ಗಂಟಲ ಆಳದಿಂದ ನಾಲ್ಕು ಮಾತನಾಡಿ, ನಮ್ಮನ್ನು ಆ ಸೀಮೆಯೊಳಕ್ಕೆ ಬಿಟ್ಟು ಹೊರಡುತ್ತಾನೆ. ಬೆರಳ ಸಂದಿನಲ್ಲಿ ಅನೇಕ ವೇಳೆ ಉರಿಯುವ ಸಿಗರೇಟು ಇರುತ್ತದೆ. ಆತನೇ ಆ ಮಾಲಿಕೆಯ ಕರ್ತೃ, ರಾಡ್ ಸರ್ಲಿಂಗ್. ಲೋಕಕ್ಕೆಲ್ಲ ಇಷ್ಟು ಬಿಡುವಿನ ಸಂತೋಷವನ್ನು ಕೊಟ್ಟ ಈ ಮನುಷ್ಯನಿಗೆ ತನ್ನದೆಂಬ ಬಿಡುವು ದೊರೆತದ್ದು ಬಹು ಸ್ವಲ್ಪ. ಆತನ ಚರಿತ್ರೆಯನ್ನು ನೆನೆಯುವುದಕ್ಕೆ ಅದೊಂದೇ ಕಾರಣ ಸಾಕು.

ಸರ್ಲಿಂಗನು ಹುಟ್ಟಿದ್ದು 1924ರ ಡಿಸೆಂಬರ್ 25ರಂದು, ನ್ಯೂಯಾರ್ಕ್ ಸಂಸ್ಥಾನದ ಸಿರಾಕ್ಯೂಸ್ ನಗರದ ಒಂದು ಯಹೂದಿ ಕುಟುಂಬದಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ಕುಟುಂಬವು ಅದೇ ಸಂಸ್ಥಾನದ ಬಿಂಗ್‌ಹ್ಯಾಂಟನ್ ಎಂಬ ಪಟ್ಟಣದಲ್ಲಿ ನೆಲೆಸಿತು. ತಂದೆ ಸ್ಯಾಮ್ಯುಯೆಲ್ ಅಂಗಡಿಕಾರ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ದಿನಸಿ ವ್ಯಾಪಾರ ಹೋಗಿ ಮಾಂಸದಂಗಡಿ ನಡೆಸಿದವನು. ಮಗನ ವೇಷ ಕಟ್ಟುವ ಹುಚ್ಚನ್ನು ಕಂಡು ತಂದೆಯೇ ಮನೆಯ ನೆಲಮಾಳಿಗೆಯಲ್ಲಿ ಒಂದು ಪುಟ್ಟ ರಂಗಸ್ಥಳವನ್ನು ಕಟ್ಟಿಕೊಟ್ಟನು. ಅಣ್ಣ ರಾಬರ್ಟ್, ಮುಂದೆ ವಿಮಾನಯಾನದ ಲೇಖಕನೆಂದು ಹೆಸರು ಪಡೆದವನು, ಈ ಆಟಗಳಲ್ಲಿ ಜೊತೆಗಾರ. ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದ 'ಅಮೇಜಿಂಗ್ ಸ್ಟೋರೀಸ್', 'ವಿಯರ್ಡ್ ಟೇಲ್ಸ್' ಮೊದಲಾದ ಕಥಾಪತ್ರಿಕೆಗಳನ್ನು ಸೋದರರಿಬ್ಬರೂ ಓದಿ, ಓದಿದ್ದನ್ನು ಆಡಿ ತೋರಿಸುತ್ತಿದ್ದರು. ಮನೆಗೆ ಸಮೀಪದಲ್ಲೇ ರಿಕ್ರಿಯೇಷನ್ ಪಾರ್ಕ್ ಎಂಬ ಉದ್ಯಾನ. ಅಲ್ಲೊಂದು ಬ್ಯಾಂಡ್‌ಸ್ಟ್ಯಾಂಡು, ಬಣ್ಣ ಬಳಿದ ಮರದ ಕುದುರೆಗಳು ಸಂಗೀತಕ್ಕೆ ತಕ್ಕಂತೆ ಏರಿಳಿಯುತ್ತ ಸುತ್ತುವ ಒಂದು ದೊಡ್ಡ ರಾಟೆ. ಪಾದರಕ್ಷೆಯ ಕಾರ್ಖಾನೆಯ ಒಡೆಯನಾದ ಜಾರ್ಜ್ ಎಫ್. ಜಾನ್ಸನ್ ಎಂಬ ಉದಾರಿಯು ಆ ಊರಿನ ಮಕ್ಕಳಿಗೆ ಇಂಥ ರಾಟೆಗಳನ್ನು ಕಾಣಿಕೆಯಾಗಿ ಕೊಟ್ಟಿದ್ದನು. ಏರುವವರು ಕಾಸು ಕೊಡಬೇಕಾಗಿರಲಿಲ್ಲ. ಸರ್ಲಿಂಗನು ಆಯುಷ್ಯವೆಲ್ಲ ನೆನೆಯುತ್ತಿದ್ದ ಬೇಸಗೆಗಳು ಇಲ್ಲಿ ಕಳೆದವು.

1943ರಲ್ಲಿ ಪ್ರೌಢಶಾಲೆಯ ಪದವಿಯನ್ನು ಪಡೆದ ಕೂಡಲೇ ಆತ ಸೇನೆಗೆ ಸೇರಿದನು. ಆಳು ಗಿಡ್ಡ, ಆದರೂ ಹಟ ಹಿಡಿದು ಪ್ಯಾರಾಶೂಟಿನ ದಳವನ್ನೇ ಆರಿಸಿಕೊಂಡನು. ತರಬೇತಿಯ ಕಾಲದಲ್ಲಿ ಮುಷ್ಟಿಯುದ್ಧವನ್ನೂ ಅಭ್ಯಾಸಮಾಡಿ ಮೂಗು ಮುರಿಸಿಕೊಂಡನು. 511ನೆಯ ಪ್ಯಾರಾಶೂಟ್ ರೆಜಿಮೆಂಟಿನೊಡನೆ ಫಿಲಿಪೈನ್ಸಿನ ಲೇಟೆ ದ್ವೀಪದಲ್ಲಿಯೂ ಮನಿಲಾ ನಗರದಲ್ಲಿಯೂ ಯುದ್ಧ ಮಾಡಿದನು, ಗಾಯಗೊಂಡನು. ವಿಮಾನದಿಂದ ಕೆಳಗಿಳಿಸಿದ ಆಹಾರದ ಪೆಟ್ಟಿಗೆಯೊಂದು ಮೇಲೆ ಬಿದ್ದು ಗೆಳೆಯನೊಬ್ಬನು ಕಣ್ಣೆದುರಿಗೇ ಸತ್ತುದನ್ನು ಕಂಡನು. ಹಸಿದವರಿಗೆಂದು ಬಂದ ಅನ್ನವೇ ಮೃತ್ಯುವಾಗುವ ಈ ವಿಪರೀತವನ್ನು ಕಂಡವನಿಗೆ, ಮುಂದೆ ಕಥೆಗಳ ಕೊನೆಯಲ್ಲಿ ವಿಧಿಯ ಅಂಥ ತಿರುವುಗಳನ್ನು ಕಲ್ಪಿಸುವುದು ಕಷ್ಟವಾಗಲಿಲ್ಲ. 1945ರಲ್ಲಿ, ಮಗನು ಇನ್ನೂ ಸಾಗರದಾಚೆ ಇರುವಾಗಲೇ, ತಂದೆ ಹೃದಯಾಘಾತದಿಂದ ತೀರಿಕೊಂಡನು. ಮಗನಿಗೆ ಅಂತ್ಯದರ್ಶನ ದೊರೆಯಲಿಲ್ಲ.

ಯುದ್ಧ ಮುಗಿದ ಮೇಲೆ, ಮರಳಿದ ಯೋಧರಿಗೆ ಸರ್ಕಾರವು ಕೊಡುತ್ತಿದ್ದ ಧನಸಹಾಯದಿಂದ ಆತ ಒಹಾಯೋ ಸಂಸ್ಥಾನದ ಆಂಟಿಯಾಕ್ ಕಾಲೇಜನ್ನು ಸೇರಿದನು. ಮೊದಲು ಆರಿಸಿಕೊಂಡದ್ದು ವ್ಯಾಯಾಮಶಿಕ್ಷಣ. ಬಹುಬೇಗ ಅದನ್ನು ಬಿಟ್ಟು ಸಾಹಿತ್ಯಕ್ಕೆ ತಿರುಗಿದನು. ಮನಸ್ಸಿನಲ್ಲಿ ಹೊಕ್ಕು ಕುಳಿತ ಯುದ್ಧವನ್ನು ಹೊರಹಾಕುವುದಕ್ಕೆ ಬರವಣಿಗೆಯಲ್ಲದೆ ಬೇರೆ ದಾರಿ ಆತನಿಗೆ ಕಾಣಲಿಲ್ಲ. ಸಹಪಾಠಿಯಾದ ಕೆರೋಲ್ ಕ್ರೇಮರಳನ್ನು 1948ರಲ್ಲಿ ವರಿಸಿದನು. ಸಂಸಾರದ ಖರ್ಚಿಗಾಗಿ ಹೊಸ ಮಾದರಿಯ ಪ್ಯಾರಾಶೂಟುಗಳನ್ನು ಕಟ್ಟಿಕೊಂಡು ವಿಮಾನದಿಂದ ಧುಮುಕಿ ಪರೀಕ್ಷಿಸುವ ಕೆಲಸವನ್ನೂ ಮಾಡಿದನು. ರೇಡಿಯೋಗೆ ಕಳಿಸಿದ ನಾಟಕಗಳು ಒಂದರ ಮೇಲೊಂದು ಮರಳಿ ಬಂದವು. 1950ರಲ್ಲಿ ಪದವಿ ಪಡೆದು, ಸಿನ್ಸಿನಾಟಿಯ ರೇಡಿಯೋ ಕೇಂದ್ರದಲ್ಲಿ ಹಗಲೆಲ್ಲ ನೌಕರಿ ಮಾಡಿ, ರಾತ್ರಿ ಊಟದ ಮೇಜಿನ ಮೇಲೆ ಟೆಲಿವಿಷನ್ನಿಗಾಗಿ ನಾಟಕ ಬರೆಯತೊಡಗಿದನು.

ಅಂದಿನ ಟೆಲಿವಿಷನ್ ನಾಟಕದ ಸ್ಥಿತಿಯನ್ನು ಇಂದಿನವರು ಊಹಿಸಿಕೊಳ್ಳುವುದು ಸುಲಭವಲ್ಲ. ನಟರು ಆಡುತ್ತಿದ್ದ ಕ್ಷಣದಲ್ಲೇ ಅದು ಮನೆಮನೆಗೆ ತಲುಪುತ್ತಿತ್ತು. ತೆರೆ ಬಿದ್ದೊಡನೆ ಗಾಳಿಯಲ್ಲಿ ಸೇರಿಹೋಗುತ್ತಿತ್ತು. ಪರದೆಯ ಮೇಲಿನ ಚಿತ್ರವನ್ನೇ ಮತ್ತೊಂದು ಕ್ಯಾಮರಾದಿಂದ ಹಿಡಿದ ಮಸುಕು ಪ್ರತಿಗಳು ಇದ್ದವಾದರೂ ನಾಟಕದ ಆಯುಷ್ಯ ಒಂದು ಸಂಜೆ ಮಾತ್ರ. 1955ರ ಜನವರಿ 12ರಂದು ಸರ್ಲಿಂಗನ 'ಪ್ಯಾಟರ್ನ್ಸ್' ಪ್ರಸಾರವಾಯಿತು. ದೊಡ್ಡ ಕಂಪನಿಯೊಂದರಲ್ಲಿ ವಯಸ್ಸಾದ ಅಧಿಕಾರಿಯನ್ನು ಅವಮಾನದಿಂದಲೇ ಹಿಂಡಿ ಹೊರದೂಡುವ ಕ್ರೌರ್ಯವನ್ನು ಅದು ಚಿತ್ರಿಸುತ್ತದೆ. ನೋಡಿದವರು ಬೆರಗಾದರು, ನೋಡದವರು ಹಂಬಲಿಸಿದರು. ಆಗ ಉಳಿದ ಉಪಾಯವೊಂದೇ: ಫೆಬ್ರವರಿ 9ರಂದು ನಟರನ್ನು ಮತ್ತೆ ಕರೆಸಿ ಇಡೀ ನಾಟಕವನ್ನು ಮತ್ತೊಮ್ಮೆ ಆಡಿಸಿದರು. ಅಂದಿಗೆ ಅದು ಅಪೂರ್ವವಾದ ಸಂಗತಿ. ಆ ವರ್ಷದ ಎಮ್ಮಿ ಪ್ರಶಸ್ತಿ ಆತನಿಗೆ ಸಂದಿತು. ಮರುವರ್ಷ, ಸೋತ ಮುಷ್ಟಿಯೋಧನೊಬ್ಬನ ಬದುಕನ್ನು ಕುರಿತ 'ರಿಕ್ವಿಯಮ್ ಫಾರ್ ಎ ಹೆವಿವೇಯ್ಟ್' ಆತನ ಕೀರ್ತಿಯನ್ನು ಸ್ಥಿರಗೊಳಿಸಿತು.

ಕೀರ್ತಿಯ ಹಿಂದೆಯೇ ಕಂಟಕವೂ ಬಂದಿತು. ಹಣ ಕೊಡುವ ಜಾಹೀರಾತುದಾರರು ನಾಟಕದ ಒಂದೊಂದು ಸಾಲಿಗೂ ಕೈಹಾಕುತ್ತಿದ್ದರು. 1955ರಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕರಿಯ ಬಾಲಕನನ್ನು ಮಿಸಿಸಿಪಿಯಲ್ಲಿ ಕೊಂದವರು ನ್ಯಾಯಾಲಯದಿಂದ ಬಿಡುಗಡೆ ಹೊಂದಿದಾಗ, ಸರ್ಲಿಂಗನು ಆ ಅನ್ಯಾಯದಿಂದ ಪ್ರೇರಿತನಾಗಿ ನಾಟಕವೊಂದನ್ನು ಬರೆದನು. ದಕ್ಷಿಣದವರು ಮುನಿಯುತ್ತಾರೆಂದು ಹೆದರಿ, ಕಥೆ ನಡೆಯುವ ಊರನ್ನು ಉತ್ತರಕ್ಕೆ ಸಾಗಿಸಿದರು. ಸತ್ತವನು ಯಾರೆಂಬುದು ತಿಳಿಯದಂತೆ ಮಾಡಿದರು. ದಕ್ಷಿಣದ ನೆನಪು ತರುತ್ತದೆಂದು ರಂಗದ ಮೇಲಿದ್ದ ಕೋಕಾ-ಕೋಲಾ ಸೀಸೆಗಳನ್ನೂ ತೆಗೆಸಿದರು. 1956ರಲ್ಲಿ 'ನೂನ್ ಆನ್ ಡೂಮ್ಸ್‌ಡೇ' ಎಂಬ ಹೆಸರಿನಿಂದ ಪ್ರಸಾರವಾದದ್ದು ಸತ್ತ್ವ ಹೋದ ತೊಗಟೆ. ಇಂಥ ಅನುಭವಗಳಿಂದ ಆತ ಒಂದು ಪಾಠವನ್ನು ಕಲಿತನು. ಸೆನೆಟರನ ಬಾಯಲ್ಲಿ ಆಡಿಸಬಾರದ ಮಾತನ್ನು ಮಂಗಳಗ್ರಹದವನ ಬಾಯಲ್ಲಿ ಆಡಿಸಿದರೆ ಯಾರೂ ತಡೆಯುವುದಿಲ್ಲ. ನಮ್ಮ ಪಂಚತಂತ್ರದ ನರಿ ಸಿಂಹಗಳು ಮಾಡಿದ ಕೆಲಸವೂ ಇದೇ ಅಲ್ಲವೇ?

1959ರ ಅಕ್ಟೋಬರ್ 2ರಂದು ಸಿಬಿಎಸ್ ಸಂಸ್ಥೆಯಿಂದ 'ಟ್ವಿಲೈಟ್ ಝೋನ್' ಆರಂಭವಾಯಿತು. 1964ರವರೆಗೆ ಐದು ಋತುಗಳಲ್ಲಿ 156 ಕಂತುಗಳು. ಅವುಗಳಲ್ಲಿ 92 ಸರ್ಲಿಂಗನ ಲೇಖನಿಯಿಂದ ಬಂದವು. ಉಳಿದವುಗಳಲ್ಲಿ ಬಹುಪಾಲು ಚಾರ್ಲ್ಸ್ ಬೋಮಾಂಟ್ ಮತ್ತು ರಿಚರ್ಡ್ ಮ್ಯಾಥೆಸನ್ ಎಂಬ ಸಮರ್ಥರ ಕೃತಿಗಳು. ಒಂದು ಬೀದಿಯಲ್ಲಿ ದೀಪಗಳು ಆರಿದೊಡನೆ ನೆರೆಹೊರೆಯವರು ಒಬ್ಬರನ್ನೊಬ್ಬರು ಅನ್ಯಲೋಕದವರೆಂದು ಶಂಕಿಸಿ ಹೊಡೆದಾಡುವ ಕಥೆಯನ್ನು ನೋಡಿದವರಿಗೆ, ಅಂದಿನ ಅಮೆರಿಕದ ಭೀತಿಗಳು ಯಾವುವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಈ ರಾಜಕೀಯದ ಕಥೆಗಳಲ್ಲಲ್ಲ. ಬಿಡುವಿಗಾಗಿ ಹಂಬಲಿಸುವವರ ಕಥೆಗಳಲ್ಲಿ. 'ಟೈಮ್ ಎನಫ್ ಅಟ್ ಲಾಸ್ಟ್' ಎಂಬುದು ಲಿನ್ ವೆನಬಲ್ ಬರೆದ ಸಣ್ಣಕಥೆಯ ರೂಪಾಂತರ. ಬ್ಯಾಂಕಿನ ಬಡ ಗುಮಾಸ್ತನೊಬ್ಬನಿಗೆ ಓದುವುದೊಂದೇ ಸುಖ. ಆಫೀಸಿನಲ್ಲಿ ಮೇಲಧಿಕಾರಿ ಬಿಡನು, ಮನೆಯಲ್ಲಿ ಹೆಂಡತಿ ಬಿಡಳು. ಮಧ್ಯಾಹ್ನದ ವಿರಾಮದಲ್ಲಿ ಖಜಾನೆಯ ಕೋಣೆಯೊಳಗೆ ಅಡಗಿ ಓದುತ್ತಿರುವಾಗ ಹೊರಗೆ ಅಣುಬಾಂಬು ಬಿದ್ದು ಲೋಕವೇ ನಾಶವಾಗುತ್ತದೆ. ಉಳಿದವನು ಇವನೊಬ್ಬನೇ, ಎದುರಿಗೆ ಗ್ರಂಥಾಲಯದ ಪುಸ್ತಕರಾಶಿ, ಕೊನೆಗೂ ಬೇಕಾದಷ್ಟು ವೇಳೆ! ಆ ಗಳಿಗೆಯಲ್ಲಿ ಕನ್ನಡಕ ಜಾರಿ ಬಿದ್ದು ಒಡೆಯುತ್ತದೆ. 'ಎ ಸ್ಟಾಪ್ ಅಟ್ ವಿಲೋಬಿ'ಯಲ್ಲಿ ಜಾಹೀರಾತು ಕಂಪನಿಯ ಅಧಿಕಾರಿಯೊಬ್ಬನು ಸಂಜೆಯ ರೈಲಿನಲ್ಲಿ ಕಣ್ಣು ಮುಚ್ಚಿದಾಗಲೆಲ್ಲ 1888ನೆಯ ಇಸವಿಯ ಊರೊಂದು ಬರುತ್ತದೆ. ಅಲ್ಲಿ ಬೇಸಗೆ, ಉದ್ಯಾನದಲ್ಲಿ ವಾದ್ಯ, ಗಾಳ ಹಿಡಿದು ಹೊಳೆಗೆ ಹೊರಟ ಹುಡುಗರು, ಯಾರಿಗೂ ಅವಸರವಿಲ್ಲ. ಒಂದು ದಿನ ಆತ ಅಲ್ಲಿ ಇಳಿದೇಬಿಡುತ್ತಾನೆ. ಇಳಿದದ್ದು ಓಡುವ ರೈಲಿನಿಂದ, ಸಾವಿಗೆ.

ಇವೆಲ್ಲಕ್ಕಿಂತ ಆಳವಾದದ್ದು 'ವಾಕಿಂಗ್ ಡಿಸ್ಟೆನ್ಸ್'. ದಣಿದ 36 ವರ್ಷದ ಅಧಿಕಾರಿಯೊಬ್ಬನು ಕಾರನ್ನು ರಿಪೇರಿಗೆ ಬಿಟ್ಟು, ಸಮೀಪದಲ್ಲೇ ಇರುವ ತನ್ನ ಹುಟ್ಟೂರಿಗೆ ನಡೆದು ಹೋಗುತ್ತಾನೆ. ಊರು ಆತನ ಬಾಲ್ಯದಲ್ಲಿ ಇದ್ದಂತೆಯೇ ಇದೆ. ಐಸ್‌ಕ್ರೀಮ್ ಸೋಡಾ ಹತ್ತು ಸೆಂಟಿಗೇ ಸಿಗುತ್ತದೆ, ತಂದೆತಾಯಿಗಳು ಬದುಕಿದ್ದಾರೆ, ಬಾಲಕನಾದ ತಾನೇ ಉದ್ಯಾನದಲ್ಲಿ ಆಡುತ್ತಿದ್ದಾನೆ. ಇದೇ ನಿನ್ನ ಒಳ್ಳೆಯ ಕಾಲವೆಂದು ಹೇಳಹೋಗಿ ಅಟ್ಟಿಸಿಕೊಂಡಾಗ ಬಾಲಕನು ಮರದ ಕುದುರೆಗಳ ರಾಟೆಯಿಂದ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ರಾತ್ರಿ, ನಿಂತ ರಾಟೆಯ ಬಳಿ, ತಂದೆ ಆತನನ್ನು ಮಗನೆಂದು ಗುರುತಿಸಿ, ಈ ಬೇಸಗೆ ಆ ಹುಡುಗನಿಗೆ ಸೇರಿದ್ದು, ನೀನು ಹೊರಡಬೇಕು ಎಂದು ಪ್ರೀತಿಯಿಂದಲೇ ತಿಳಿಸುತ್ತಾನೆ. ಆತ ಕುಂಟುತ್ತ ತನ್ನ ಕಾಲಕ್ಕೆ ಮರಳುತ್ತಾನೆ. ಬರ್ನಾರ್ಡ್ ಹರ್ಮನ್ನನ ಸಂಗೀತ ಈ ದೃಶ್ಯಗಳ ಮೇಲೆ ಮಂಜಿನಂತೆ ಇಳಿಯುತ್ತದೆ. ಈ ಕಂತನ್ನು ನಾನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಮೊದಲ ಸಲ ನೋಡುವವನಿಗೆ ಮುಖ್ಯವಾಗುವುದು ಚಮತ್ಕಾರ. ಅಂತ್ಯ ಗೊತ್ತಿದ್ದು ನೋಡುವವನಿಗೆ ಕಾಣುವುದು ಮಗನ ಮುಖದ ದಣಿವು, ತಂದೆಯ ತಡವರಿಕೆ. ತಂದೆಯ ಕೊನೆಯ ದರ್ಶನಕ್ಕೆ ಎರವಾದ ಲೇಖಕನು, ನಡೆಯದೆ ಉಳಿದ ಆ ಮಾತುಕತೆಯನ್ನು ಇಲ್ಲಿ ನಡೆಸಿಕೊಂಡನೆಂದು ನನಗೆ ತೋರುತ್ತದೆ.

ಸರ್ಲಿಂಗನ ನಿಜವಾದ ಬಿಡುವು ನ್ಯೂಯಾರ್ಕ್ ಸಂಸ್ಥಾನದ ಕಯೂಗಾ ಸರೋವರದ ದಂಡೆಯಲ್ಲಿತ್ತು. ಅಲ್ಲಿ ಹೆಂಡತಿಯ ಮನೆತನದಿಂದ ಬಂದ ಒಂದು ಕುಟೀರ. ಬೇಸಗೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಡನೆ ಆತ ಅಲ್ಲಿಗೆ ಹೋಗುತ್ತಿದ್ದನು. ತನ್ನ ನಿರ್ಮಾಣ ಸಂಸ್ಥೆಗೆ ಆ ಸರೋವರದ ಹೆಸರನ್ನೇ ಇಟ್ಟನು. ಅಲ್ಲಿಂದ ಒಬ್ಬನೇ ಬಿಂಗ್‌ಹ್ಯಾಂಟನ್ನಿಗೆ ಕಾರು ನಡೆಸಿಕೊಂಡು ಹೋಗಿ ಹಳೆಯ ಮನೆಯನ್ನೂ ಉದ್ಯಾನವನ್ನೂ ನೋಡಿ ಬರುತ್ತಿದ್ದನು. ಹಿಂದಿರುಗಲಾಗದೆಂದು ಕಥೆಯಲ್ಲಿ ಸಾರಿದವನೇ ವರ್ಷವರ್ಷ ಹಿಂದಿರುಗುತ್ತಿದ್ದನು! ಉಳಿದ ದಿನಗಳಲ್ಲಿ ಕ್ಯಾಲಿಫೋರ್ನಿಯದ ಮನೆಯಲ್ಲಿ, ಧ್ವನಿಮುದ್ರಣ ಯಂತ್ರದ ಮುಂದೆ ಪಾತ್ರಗಳ ಮಾತುಗಳನ್ನು ತಾನೇ ಆಡುತ್ತ, ಸಿಗರೇಟಿನ ಮೇಲೆ ಸಿಗರೇಟು ಹೊತ್ತಿಸುತ್ತ ಕಥೆ ಹೇಳಿ ಬರೆಸುತ್ತಿದ್ದನು. ವಾರಕ್ಕೊಂದು ಕಂತು ಕೇಳುವ ಯಂತ್ರಕ್ಕೆ ಮನುಷ್ಯನ ಬಳಲಿಕೆ ಗೊತ್ತಿಲ್ಲ.

ಮಾಲಿಕೆ ನಿಂತ ಮೇಲೆ ಆತನ ಬಾಳಿನಲ್ಲಿ ನಡೆದ ಒಂದು ವ್ಯವಹಾರವು ಆತನದೇ ಕಥೆಗಳ ತಿರುವನ್ನು ಹೋಲುತ್ತದೆ. ಮಾಡಿದ ಖರ್ಚು ಮರಳಿ ಬರುವುದಿಲ್ಲವೆಂದು ನಂಬಿ, 'ಟ್ವಿಲೈಟ್ ಝೋನ್'ನಲ್ಲಿ ತನಗಿದ್ದ ಪಾಲನ್ನು ಆತ ಸಿಬಿಎಸ್ ಸಂಸ್ಥೆಗೇ ಮಾರಿಬಿಟ್ಟನು. ಆ ಮೇಲೆ ನಡೆದದ್ದು ಮರುಪ್ರಸಾರಗಳ ಯುಗ. ಊರೂರಿನ ಕೇಂದ್ರಗಳು ಹಳೆಯ ಕಂತುಗಳನ್ನು ಕೊಂಡು ಸಂಜೆ ಸಂಜೆ ತೋರಿಸಿದವು. ಮೊದಲ ಪ್ರಸಾರದ ಕಾಲಕ್ಕೆ ಹುಟ್ಟದಿದ್ದ ಮಕ್ಕಳು ಅವನ್ನು ನೋಡಿ ಬೆಳೆದರು. ಆ ಐಶ್ವರ್ಯದಲ್ಲಿ ಕರ್ತೃವಿಗೆ ಪಾಲಿರಲಿಲ್ಲ. ಇದನ್ನು ಅವಿವೇಕವೆಂದು ನಗುವುದು ಸುಲಭ. ಆದರೆ ಆತ ಪಳಗಿದ್ದು ಒಂದೇ ಸಂಜೆ ಬಾಳಿ ಅಳಿಯುವ ನಾಟಕಗಳಲ್ಲಿ. ಎರಡನೆಯ ಸಲ ನೋಡಬೇಕಾದರೆ ನಟರನ್ನೇ ಮತ್ತೆ ಕರೆಸಬೇಕಾಗಿದ್ದ ಕಾಲದವನಿಗೆ, ಜನರು ಅರುವತ್ತು ವರ್ಷಗಳ ಮೇಲೆಯೂ ತನ್ನ ಕಥೆಗಳಿಗೆ ಮರಳುವರೆಂಬುದು ತಾನು ಬರೆದ ಯಾವ ಕಥೆಗಿಂತಲೂ ಅಸಂಭವವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಮುಂದೆ 1968ರ 'ಪ್ಲಾನೆಟ್ ಆಫ್ ದಿ ಏಪ್ಸ್' ಚಿತ್ರದ ಚಿತ್ರಕಥೆಯಲ್ಲಿ ಮೈಕಲ್ ವಿಲ್ಸನ್ನನೊಡನೆ ಭಾಗಿಯಾದನು. 1970ರಿಂದ 1973ರವರೆಗೆ ನಡೆದ 'ನೈಟ್ ಗ್ಯಾಲರಿ' ಮಾಲಿಕೆಯಲ್ಲಿ ಮುಖ ಆತನದು, ಅಧಿಕಾರ ಬೇರೆಯವರದು. ಅದು ಆತನಿಗೆ ನೋವಿನ ವಿಷಯವಾಯಿತು. ಸಮಾಧಾನ ದೊರೆತದ್ದು ಅದೇ ಕಯೂಗಾದ ತೆಂಕಣ ತುದಿಯ ಇಥಾಕಾ ಕಾಲೇಜಿನಲ್ಲಿ. ಅಲ್ಲಿ ತರುಣರಿಗೆ ಪಾಠ ಹೇಳುತ್ತ, ತನ್ನ ಹಳೆಯ ಕಂತುಗಳನ್ನೇ ತೋರಿಸಿ ಅವುಗಳ ದೋಷಗಳನ್ನು ನಿಷ್ಠುರವಾಗಿ ವಿಮರ್ಶಿಸುತ್ತಿದ್ದನು. 1975ರ ಬೇಸಗೆಯಲ್ಲಿ ಹೃದಯ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಫಲಿಸದೆ ಜೂನ್ 28ರಂದು ರಾಚೆಸ್ಟರ್ ನಗರದಲ್ಲಿ ತೀರಿಕೊಂಡನು. ವಯಸ್ಸು ಕೇವಲ 50. ತಂದೆಯಂತೆಯೇ ಮಗನೂ ಮುಪ್ಪನ್ನು ಕಾಣಲಿಲ್ಲ. ಸರೋವರಕ್ಕೆ ಸಮೀಪದ ಇಂಟರ್‌ಲೇಕನ್ ಎಂಬ ಹಳ್ಳಿಯಲ್ಲಿ ಆತನ ಸಮಾಧಿಯಿದೆ.

ಬಿಂಗ್‌ಹ್ಯಾಂಟನ್ನಿನ ಉದ್ಯಾನದಲ್ಲಿ ಆ ಮರದ ಕುದುರೆಗಳು ಇನ್ನೂ ಸುತ್ತುತ್ತವೆ. ರಾಟೆಯ ಚಾವಣಿಯ ಸುತ್ತ ಆತನ ಕಥೆಗಳ ಚಿತ್ರಗಳನ್ನು ಬರೆಯಿಸಿದ್ದಾರೆ. 2024ರಲ್ಲಿ, ಆತ ಹುಟ್ಟಿ ನೂರು ವರ್ಷ ತುಂಬಿದಾಗ, ಅಲ್ಲೇ ಆತನ ಪ್ರತಿಮೆಯನ್ನು ನಿಲ್ಲಿಸಿದರು. ಕಳೆದ ಬೇಸಗೆಯನ್ನು ಮತ್ತೆ ಬದುಕಲಾಗದು ಎಂದು ಆತ ಹೇಳಿದ್ದು ನಿಜ. ಆದರೆ ಕಳೆದ ಬೇಸಗೆಯ ಕಥೆಯನ್ನು ಮತ್ತೆ ನೋಡಬಹುದು. ನೋಡಿ, ಸ್ವಲ್ಪ ಕುಂಟುತ್ತಲಾದರೂ, ನಾಳಿನ ಕೆಲಸಕ್ಕೆ ಮರಳಬಹುದು. ಮರುನೋಟದಿಂದ ನನಗೆ ಸಿಕ್ಕುವ ಲಾಭ ಇಷ್ಟೇ. ಇದು ಅಲ್ಪವೆಂದು ನಾನು ತಿಳಿದಿಲ್ಲ.